ಶಾಲೆ ನೋಡಲು ಹೊರಟ ಮೇಷ್ಟ್ರಿಗೆ ಸಿಕ್ಕ ಕಲ್ಲುಗಳು



ಕೆಲಸ ಸಿಕ್ಕಿತು, ಇನ್ನು ಓದು ಮುಗಿಯಿತು ಎಂಬ ಭಾವನೆ ನಮ್ಮಲ್ಲಿ ಅನೇಕರಿಗಿದೆ. ಶಿಕ್ಷಕರೂ ಇದಕ್ಕೆ ಹೊರತಲ್ಲ. ದಿನವೂ ಓದಿರಿ ಎಂದು ಮಕ್ಕಳಿಗೆ ಹೇಳುವವರು ತಾವೇ ಓದುವುದನ್ನು ಬಿಟ್ಟರೆ ಆ ಮಾತಿಗೆ ಬೆಲೆ ಎಲ್ಲಿಯದು? ಪಾಠ ಹೇಳುವ ಕೆಲಸಕ್ಕೆ ಸೇರಿ, ಆಕಸ್ಮಿಕವಾಗಿ ಕಂಡದ್ದರ ಬೆನ್ನು ಹತ್ತಿ, ಕೊನೆಯವರೆಗೂ ವಿದ್ಯಾರ್ಥಿಯಾಗಿಯೇ ಉಳಿದ ಒಬ್ಬ ಮಹನೀಯರನ್ನು ಈ ಸಂಚಿಕೆಯಲ್ಲಿ ನಿಮಗೆ ಪರಿಚಯಿಸುತ್ತಿದ್ದೇನೆ. ಅವರೇ ಬಿ.ಎಲ್. ರೈಸ್, ಅಂದರೆ ಬೆಂಜಮಿನ್ ಲೂಯಿಸ್ ರೈಸ್.

ಹೆಸರು ಇಂಗ್ಲಿಷಿನದಾದರೂ ಇವರು ನಮ್ಮ ಊರಿನವರೇ. 1837ರ ಜುಲೈ 17ರಂದು ಬೆಂಗಳೂರಿನಲ್ಲಿ ಜನಿಸಿದರು. ತಂದೆ ಲಂಡನ್ ಮಿಷನ್ನಿನ ಪಾದ್ರಿಗಳು, ಕನ್ನಡ ಬಲ್ಲವರು. ಅವೆನ್ಯೂ ರಸ್ತೆಯಲ್ಲಿರುವ ರೈಸ್ ಸ್ಮಾರಕ ಚರ್ಚು ಆ ತಂದೆಯ ಹೆಸರಿನದು. ಮಗ ಇಂಗ್ಲೆಂಡಿನಲ್ಲಿ ಪದವಿ ಮುಗಿಸಿ 1860ರಲ್ಲಿ ಹುಟ್ಟಿದೂರಿಗೆ ಮರಳಿ ಬೆಂಗಳೂರು ಹೈಸ್ಕೂಲಿನ ಮುಖ್ಯೋಪಾಧ್ಯಾಯರಾದರು. ಅದೇ ಶಾಲೆ ಮುಂದೆ ಸೆಂಟ್ರಲ್ ಕಾಲೇಜು ಎಂದು ಹೆಸರಾಯಿತು.

1865ರಲ್ಲಿ ಅವರು ಮೈಸೂರು ಮತ್ತು ಕೊಡಗಿನ ಶಾಲಾ ಇನ್‌ಸ್ಪೆಕ್ಟರರಾದರು. ಹಳ್ಳಿಯ ಮಕ್ಕಳಿಗೂ ಅಕ್ಷರ ಸಿಗಬೇಕೆಂದು ಹೋಬಳಿ ಶಾಲೆಗಳ ಯೋಜನೆ 1868ರಲ್ಲಿ ಜಾರಿಗೆ ಬಂದದ್ದು ಇವರ ಶ್ರಮದಿಂದ. ತಪಾಸಣೆಗೆ ಕುದುರೆಯೇರಿ ಊರೂರು ತಿರುಗಬೇಕಾಗಿತ್ತು. ಅಲ್ಲಿ ಗುಡಿಯ ಮುಂದೆ, ಕೆರೆಯ ಏರಿಯ ಮೇಲೆ, ಹೊಲದ ಬದುವಿನಲ್ಲಿ ಬರಹವಿದ್ದ ಕಲ್ಲುಗಳು ಕಣ್ಣಿಗೆ ಬಿದ್ದವು. ಅವುಗಳನ್ನು ನೋಡುವುದು ಇನ್‌ಸ್ಪೆಕ್ಟರರ ಕರ್ತವ್ಯವಾಗಿರಲಿಲ್ಲ. ನೋಡಿಯೂ ನೋಡದಂತೆ ಮುಂದೆ ಹೋಗಿದ್ದರೆ ಯಾರೂ ಕೇಳುತ್ತಿರಲಿಲ್ಲ. ಆದರೆ ಅವರು ಕುದುರೆಯಿಂದ ಇಳಿದರು.

ಇಳಿದ ಮಾತ್ರಕ್ಕೆ ಓದಲು ಬರುತ್ತದೆಯೇ? ಸಾವಿರ ವರ್ಷದ ಹಿಂದಿನ ಲಿಪಿ ಬೇರೆ, ಭಾಷೆ ಹಳಗನ್ನಡ. ಆಗ ಇನ್ನೊಂದು ಆಕಸ್ಮಿಕ ಒದಗಿತು. ಮೇಜರ್ ಡಿಕ್ಸನ್ ಎಂಬವರು ತೆಗೆದಿದ್ದ ಸುಮಾರು 150 ಶಾಸನಗಳ ಫೋಟೋಗಳನ್ನು ಓದಿ ಅನುವಾದಿಸುವ ಕೆಲಸವನ್ನು ಸರ್ಕಾರ ಇವರಿಗೆ ವಹಿಸಿತು. ಮೂವತ್ತು ದಾಟಿದ ಅಧಿಕಾರಿ ಪಂಡಿತರ ನೆರವು ಪಡೆದು, ಅಕ್ಷರ ಅಕ್ಷರವಾಗಿ ಕೂಡಿಸಿ ಓದಿದರು. 1879ರಲ್ಲಿ ಅದು ಪುಸ್ತಕವಾಯಿತು. ಈ ನಡುವೆ ಮೈಸೂರು ಗೆಜೆಟಿಯರನ್ನೂ ಬರೆದು ಮುಗಿಸಿದರು. 1885ರಲ್ಲಿ ಪುರಾತತ್ವ ಸಂಶೋಧನೆಯ ನಿರ್ದೇಶಕರಾದರು. ಶಾಲೆಗಳ ದಾರಿಯಲ್ಲಿ ಸಿಕ್ಕ ಹವ್ಯಾಸವೇ ಹೀಗೆ ಬದುಕಿನ ಕೆಲಸವಾಯಿತು.

1886ರಿಂದ 1905ರವರೆಗೆ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಹೆಸರಿನಲ್ಲಿ 12 ಸಂಪುಟಗಳು ಹೊರಬಂದವು. ಅವುಗಳಲ್ಲಿರುವ ಶಾಸನಗಳು ಸುಮಾರು 9,000. ಗಂಗರು, ಹೊಯ್ಸಳರು, ವಿಜಯನಗರದ ಅರಸರ ಜೊತೆಗೆ ಕೆರೆ ಕಟ್ಟಿಸಿದವರು, ಊರು ಕಾಯಲು ಪ್ರಾಣ ಕೊಟ್ಟವರೂ ಇತಿಹಾಸದಲ್ಲಿ ಸ್ಥಾನ ಪಡೆದರು. ಪಂಪ ಭಾರತ, ಕವಿರಾಜಮಾರ್ಗಗಳು 1898ರಲ್ಲಿ ಅಚ್ಚಾದದ್ದೂ ಅವರ ಗ್ರಂಥಮಾಲೆಯಲ್ಲಿಯೇ.

ಒಂದು ಸಂಗತಿಯನ್ನು ಉರ್ದು ಓದುವ ವಿದ್ಯಾರ್ಥಿಗಳು ಮುಖ್ಯವಾಗಿ ಗಮನಿಸಬೇಕು. 1892ರಲ್ಲಿ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ರೈಸರು ಅಶೋಕ ಚಕ್ರವರ್ತಿಯ ಶಾಸನಗಳನ್ನು ಬೆಳಕಿಗೆ ತಂದರು. ಅಶೋಕನ ಆಜ್ಞೆ ಇಷ್ಟು ದಕ್ಷಿಣದವರೆಗೆ ಬಂದಿತ್ತೆಂದು ಜಗತ್ತಿಗೆ ತಿಳಿದದ್ದು ಆಗಲೇ. ಶಾಸನವಿರುವುದು ಎಡದಿಂದ ಬಲಕ್ಕೆ ಸಾಗುವ ಬ್ರಾಹ್ಮೀ ಲಿಪಿಯಲ್ಲಿ. ಆದರೆ ಬರೆದ ಚಪಡನೆಂಬವನು ಕೊನೆಗೆ ತಾನು ಬರಹಗಾರನೆಂದು ತಿಳಿಸುವ ಪದವನ್ನು ಮಾತ್ರ ವಾಯವ್ಯ ಗಡಿಯ ಖರೋಷ್ಠಿ ಲಿಪಿಯಲ್ಲಿ ಕೆತ್ತಿದ್ದಾನೆ. ಅದು ನಮ್ಮ ಉರ್ದುವಿನಂತೆ ಬಲದಿಂದ ಎಡಕ್ಕೆ ಸಾಗುತ್ತದೆ. ಎರಡು ದಿಕ್ಕಿನ ಎರಡು ಲಿಪಿಗಳು ಎರಡು ಸಾವಿರ ವರ್ಷಗಳ ಹಿಂದೆಯೇ ಕನ್ನಡ ನಾಡಿನ ಒಂದೇ ಬಂಡೆಯ ಮೇಲೆ ಸೇರಿದ್ದವು! ಎರಡು ಭಾಷೆ ಕಲಿಯುವುದನ್ನು ಹೊರೆ ಎನ್ನುವವರು ಈ ಬಂಡೆಯನ್ನು ನೆನೆಯಲಿ.

ರೈಸರ ತೀರ್ಮಾನಗಳನ್ನು ಎಲ್ಲರೂ ಒಪ್ಪಲಿಲ್ಲ. ಅವರು ಪ್ರಕಟಿಸಿದ ಗಂಗರ ತಾಮ್ರಪಟಗಳಲ್ಲಿ ಹಲವು ಕೃತಕವೆಂದು ವಿದ್ವಾಂಸ ಫ್ಲೀಟ್ ವಾದಿಸಿದರು. ಟೀಕೆ ಬಂತೆಂದು ರೈಸರು ಕೈಚೆಲ್ಲಿ ಕೂರಲಿಲ್ಲ. ವಾದಕ್ಕೆ ವಾದದಿಂದಲೇ ಉತ್ತರ ಕೊಡುತ್ತ, ಹೊಸ ಶಾಸನಗಳನ್ನು ಹುಡುಕುತ್ತ ಹೋದರು. ತಮ್ಮ ಸಹಾಯಕರಾಗಿದ್ದ ಆರ್. ನರಸಿಂಹಾಚಾರ್ಯರನ್ನು ಬೆಳೆಸಿದರು. 1906ರಲ್ಲಿ ರೈಸರು ನಿವೃತ್ತರಾದಾಗ ಆ ಹೊಣೆಯನ್ನು ವಹಿಸಿಕೊಂಡವರು ಅವರೇ. ನಿವೃತ್ತಿಯ ನಂತರವೂ ರೈಸರ ಲೇಖನಿ ನಿಲ್ಲಲಿಲ್ಲ. ಶಾಸನಗಳ ಆಧಾರದ ಮೇಲೆ ಮೈಸೂರು ಮತ್ತು ಕೊಡಗಿನ ಇತಿಹಾಸವನ್ನು ಬರೆದು 1909ರಲ್ಲಿ ಪ್ರಕಟಿಸಿದಾಗ ಅವರಿಗೆ ಎಪ್ಪತ್ತು ದಾಟಿತ್ತು. 1927ರ ಜುಲೈ 10ರಂದು ಇಂಗ್ಲೆಂಡಿನ ಹ್ಯಾರೋದಲ್ಲಿ ನಿಧನರಾದರು. ಕನ್ನಡಿಗರು ಅವರನ್ನು ಶಾಸನ ಪಿತಾಮಹರೆಂದು ಸ್ಮರಿಸುತ್ತಾರೆ.

ಇದೆಲ್ಲ ಹಳೆಯ ಕಥೆ, ನಮಗೇನು ಎನ್ನಬೇಡಿ. ನಮ್ಮ ಜಕ್ಕೂರಿನ ನೆರೆಯ ಹೆಬ್ಬಾಳದಲ್ಲಿ 2018ರಲ್ಲಿ ಸುಮಾರು ಕ್ರಿ.ಶ. 750ರ ಶಾಸನವೊಂದು ಸಿಕ್ಕಿತು. ಗಂಗ ದೊರೆ ಶ್ರೀಪುರುಷನ ಕಾಲದಲ್ಲಿ ಹೋರಾಡಿ ಮಡಿದ ಕಿತ್ತಯ್ಯನೆಂಬ ವೀರನ ನೆನಪಿನ ಕಲ್ಲು ಅದು. ರೈಸರ ಕಾಲ ಕಳೆದು ಶತಮಾನವಾದರೂ ಮಣ್ಣಿನಲ್ಲಿ ಇನ್ನೂ ಅಕ್ಷರಗಳಿವೆ. ಆದರೆ ಕಾಲ ಹೆಚ್ಚಿಲ್ಲ. ಲೇಔಟು, ರಸ್ತೆ, ಅಪಾರ್ಟ್‌ಮೆಂಟು ಏಳುವಾಗ ಬರಹದ ಕಲ್ಲೊಂದು ತಳಪಾಯದಡಿ ಸೇರಿದರೆ ಅದರಲ್ಲಿರುವ ಮಾತು ಶಾಶ್ವತವಾಗಿ ಅಳಿದಂತೆಯೇ.

ವಿದ್ಯಾರ್ಥಿಗಳೇ, ಕೆರೆಯ ಏರಿಯ ಮೇಲೆ, ಹಳೆಯ ಗುಡಿ, ಮಸೀದಿ, ದರ್ಗಾಗಳ ಆವರಣದಲ್ಲಿ ಬರಹ ಕಂಡರೆ ಒಂದು ನಿಮಿಷ ನಿಲ್ಲಿರಿ. ಸುಣ್ಣ, ಬಣ್ಣ ಬಳಿಯಲು ಬಿಡಬೇಡಿ. ಫೋಟೋ ತೆಗೆದು ನಿಮ್ಮ ಶಿಕ್ಷಕರಿಗೆ ತೋರಿಸಿರಿ. ಶಿಕ್ಷಕ ಬಂಧುಗಳೇ, ಮಗು ಕೇಳಿದ ಪ್ರಶ್ನೆಗೆ ಉತ್ತರ ಗೊತ್ತಿಲ್ಲದ ದಿನ ಬೇಸರಪಡಬೇಡಿ. ಆ ಸಂಜೆ ಏನನ್ನು ಓದಬೇಕೆಂದು ಆ ಮಗುವೇ ನಮಗೆ ತಿಳಿಸಿರುತ್ತದೆ. ಅದೃಷ್ಟ ಎಲ್ಲರ ದಾರಿಯಲ್ಲೂ ಕಲ್ಲಿನಂತೆ ನಿಂತಿರುತ್ತದೆ. ಕುದುರೆಯಿಂದ ಇಳಿಯುವವರಿಗೆ ಮಾತ್ರ ಅದರ ಮೇಲಿನ ಬರಹ ಕಾಣುತ್ತದೆ.