ಪಡುವಣದ ಹೊಳೆಯನ್ನು ಮೂಡಣಕ್ಕೆ ತಿರುಗಿಸಿದ ಪೆನ್ನಿಕ್ವಿಕ್

ತೇನಿ ಜಿಲ್ಲೆಯ ಪಾಲಾರ್‌ಪಟ್ಟಿಯಲ್ಲಿ ಸಂಕ್ರಾಂತಿಯ ಹೊತ್ತಿಗೆ ಒಬ್ಬ ಇಂಗ್ಲಿಷ್ ದೊರೆಯ ಹೆಸರಿನಲ್ಲಿ ಪೊಂಗಲ್ ಇಡುತ್ತಾರೆ. ಜನವರಿ 15 ಅವನು ಹುಟ್ಟಿದ ದಿನ. ಕಂಬಂ ಕಣಿವೆಯ ಎಷ್ಟೋ ಮನೆಗಳಲ್ಲಿ ಮುರುಗನ ಪಟದ ಪಕ್ಕದಲ್ಲೇ ದೊಡ್ಡ ಮೀಸೆಯ ಆ ದೊರೆಯ ಪಟವೂ ಇದೆ. ಮನೆಯೊಳಗೆ ಕನ್ನಡ, ಹೊರಗೆ ತಮಿಳು ಆಡುವ ಇಲ್ಲಿನ ಒಕ್ಕಲಿಗ ಕಾಪಿಲಿಯರೂ ಇದೇ ನೀರನ್ನು ನಂಬಿ ಬದುಕಿದವರು. ಕರ್ನಲ್ ಜಾನ್ ಪೆನ್ನಿಕ್ವಿಕ್ ಮುಲ್ಲಪೆರಿಯಾರ್ ಅಣೆಕಟ್ಟು ಕಟ್ಟಿದ ಎಂಜಿನಿಯರ್ ಎಂಬುದು ಎಲ್ಲರಿಗೂ ಗೊತ್ತು. ಆದರೆ ಆ ಅಣೆಕಟ್ಟು ಮೇಲೇಳಲು ಎಷ್ಟು ಸಾವು, ಎಷ್ಟು ಲಾಭದ ಲೆಕ್ಕಾಚಾರ ಸೇರಿದ್ದವು ಎಂಬುದನ್ನು ನೆನೆಯುವವರು ಕಡಿಮೆ.

ಪೆನ್ನಿಕ್ವಿಕ್ ಹುಟ್ಟಿದ್ದು 1841ರಲ್ಲಿ, ಪುಣೆಯಲ್ಲಿ. ತಂದೆ ಬ್ರಿಟಿಷ್ ಸೇನಾಧಿಕಾರಿ. ಪಂಜಾಬನ್ನು ನುಂಗಲು ಈಸ್ಟ್ ಇಂಡಿಯಾ ಕಂಪನಿ ಹೂಡಿದ ಸಿಖ್ ಯುದ್ಧದಲ್ಲಿ, 1849ರ ಜನವರಿ 13ರಂದು ಚಿಲಿಯನ್‌ವಾಲಾ ಎಂಬಲ್ಲಿ ತಂದೆ ಸತ್ತರು. ಅದೇ ರಣದಲ್ಲಿದ್ದ ಹದಿಹರೆಯದ ಅಣ್ಣನೂ ತಂದೆಯ ಹೆಣದ ಬಳಿಯೇ ಬಿದ್ದ. ಇನ್ನೆರಡು ದಿನ ಕಳೆದಿದ್ದರೆ ಹುಡುಗನಿಗೆ ಎಂಟು ವರ್ಷ ತುಂಬುತ್ತಿತ್ತು. ಒಂದೇ ದಿನ ಇಬ್ಬರನ್ನು ಕಳೆದುಕೊಂಡ ಮನೆ ಈ ದೇಶದ ಕಡೆಗೆ ಮತ್ತೆ ತಲೆ ಹಾಕಬೇಕಿರಲಿಲ್ಲ. ಆದರೆ ಹುಡುಗ ಇಂಗ್ಲೆಂಡಿನ ಆಡಿಸ್ಕಂಬ್‌ನಲ್ಲಿ ಸೈನಿಕ ಎಂಜಿನಿಯರಿಂಗ್ ಕಲಿತು 1860ರಲ್ಲಿ ಮದ್ರಾಸಿಗೆ ಬಂದಿಳಿದ. ತಂದೆಯದು ಕೊಲ್ಲುವ ಸೇನೆಯಾದರೆ ಮಗನ ಪಾಲಿಗೆ ಬಂದದ್ದು ನೀರಿನ ಕೆಲಸ.

ಪಶ್ಚಿಮ ಘಟ್ಟದ ಮೇಲೆ ಸುರಿದ ಮಳೆಯೆಲ್ಲ ಪೆರಿಯಾರ್ ಹೊಳೆಯಾಗಿ ಅರಬ್ಬಿ ಸಮುದ್ರ ಸೇರುತ್ತಿತ್ತು. ಘಟ್ಟದ ಈಚೆ ಮಧುರೆ ಸೀಮೆಯಲ್ಲಿ ವೈಗೈ ಒಣಗಿರುತ್ತಿತ್ತು. ಆ ನೀರನ್ನು ಈಚೆಗೆ ತಿರುಗಿಸಬೇಕೆಂಬ ಆಸೆ ಬಿಳಿಯರದ್ದಲ್ಲ. ಹದಿನೆಂಟನೇ ಶತಮಾನದ ಕೊನೆಯಲ್ಲೇ ರಾಮನಾಥಪುರದ ಸೇತುಪತಿಯ ಪ್ರಧಾನಿ ಮುತ್ತಿರುಳಪ್ಪ ಪಿಳ್ಳೆ ಇದನ್ನು ಯೋಚಿಸಿದ್ದರು, ಹಣವಿಲ್ಲದೆ ಕೈಬಿಟ್ಟರು. 1808ರಲ್ಲಿ ಕ್ಯಾಪ್ಟನ್ ಕಾಲ್ಡ್‌ವೆಲ್ ಎಂಬಾತ ಜಾಗ ನೋಡಿ, ಆಗುವ ಕೆಲಸವಲ್ಲ ಎಂದು ವರದಿ ಕೊಟ್ಟ. ಮುಂದೆ ಮೇಜರ್ ರೈವ್ಸ್ ನಕ್ಷೆ ಹಾಕಿದರೂ ಕಡತ ಮತ್ತೆ ಮಲಗಿತು.

ಅದನ್ನು ಎಬ್ಬಿಸಿದ್ದು ಧಾತು ಈಶ್ವರ ಸಂವತ್ಸರಗಳ ಬರ. 1876ರಿಂದ 1878ರವರೆಗೆ ಮದ್ರಾಸ್ ಪ್ರಾಂತದಲ್ಲಿ ಹತ್ತಾರು ಲಕ್ಷ ಜನ ಸತ್ತರು. ಮೈಸೂರು ಸೀಮೆಯಲ್ಲಿ ಐವರಲ್ಲಿ ಒಬ್ಬರು ಉಳಿಯಲಿಲ್ಲವೆಂದು ಅಂದಾಜು. ಆ ಹೊತ್ತಿನಲ್ಲೂ ಬಂದರುಗಳಿಂದ ಧಾನ್ಯ ಹಡಗು ಹತ್ತುತ್ತಲೇ ಇತ್ತು. ಗಂಜಿಯ ಅಳತೆ ಕಡಿಮೆ ಮಾಡಿ ಖಜಾನೆ ಉಳಿಸಲು ನೋಡಿದ ಸರ್ಕಾರ, ಬರ ಮುಗಿದ ಮೇಲೆ ಹೊಸ ಲೆಕ್ಕ ಹಾಕಿತು. ಹಸಿದವರಿಗೆ ಕೊಟ್ಟ ದುಡ್ಡು ತಿರುಗಿ ಬರುವುದಿಲ್ಲ, ನೀರು ಕೊಟ್ಟರೆ ಕಂದಾಯ ಬರುತ್ತದೆ. ದಯೆ ಮಾಡದ ಕೆಲಸವನ್ನು ಕಂದಾಯದ ಆಸೆ ಮಾಡಿತು. 1882ರಲ್ಲಿ ಯೋಜನೆಯನ್ನು ಹೊಸದಾಗಿ ತಯಾರಿಸುವ ಹೊಣೆ ಪೆನ್ನಿಕ್ವಿಕ್‌ಗೆ ಬಂತು.

ಜಾಗ ಮಾತ್ರ ತಿರುವಾಂಕೂರು ರಾಜ್ಯದ್ದು. ಆ ಸಂಸ್ಥಾನ ವರ್ಷಗಟ್ಟಲೆ ಎಳೆದಾಡಿ, ಕೊನೆಗೆ 1886ರ ಅಕ್ಟೋಬರ್‌ನಲ್ಲಿ ಒಪ್ಪಂದಕ್ಕೆ ಸಹಿ ಹಾಕಿತು. 8,000 ಎಕರೆ, ಎಕರೆಗೆ ವರ್ಷಕ್ಕೆ 5 ರೂಪಾಯಿ, ಅವಧಿ 999 ವರ್ಷ. ಚಕ್ರಾಧಿಪತ್ಯವನ್ನು ಎದುರು ಹಾಕಿಕೊಳ್ಳಲಾರದ ಅರಮನೆಯ ಸಹಿ ಅದು. ಇದನ್ನು ನ್ಯಾಯದ ವ್ಯವಹಾರ ಎನ್ನಲು ನಾಲಿಗೆ ಏಳುವುದಿಲ್ಲ.

1887ರಲ್ಲಿ ಕೆಲಸ ಶುರುವಾಯಿತು. ಸುತ್ತ ಆನೆಗಳ ಕಾಡು, ದಾರಿಯಿಲ್ಲ. ಗೂಡಲೂರಿನ ಕಡೆಯಿಂದ (ನೀಲಗಿರಿಯದ್ದಲ್ಲ, ಕಂಬಂ ಪಕ್ಕದ್ದು) ಎತ್ತಿನ ಗಾಡಿಯಲ್ಲೂ ತಂತಿ ಹಗ್ಗದ ತೊಟ್ಟಿಲಲ್ಲೂ ಸುಣ್ಣ ಸಾಮಾನು ಘಟ್ಟ ಹತ್ತಿದವು. ಮಳೆ ಬಂದರೆ ಹೊಳೆ ಉಕ್ಕಿ ಕಟ್ಟಿದ್ದನ್ನೆಲ್ಲ ಕೊಚ್ಚಿಕೊಂಡು ಹೋಗುತ್ತಿತ್ತು. ಒಂದು ಸಲವಲ್ಲ, ಹಲವು ಸಲ. ಮಳೆ ನಿಂತರೆ ಚಳಿಜ್ವರ. ಅದು ಸೊಳ್ಳೆಯಿಂದ ಬರುತ್ತದೆಂದು ರೊನಾಲ್ಡ್ ರಾಸ್ ತೋರಿಸಿದ್ದು 1897ರಲ್ಲಿ, ಅಣೆಕಟ್ಟು ಮುಗಿದು ಎರಡು ವರ್ಷಕ್ಕೆ. ಆಗ ಕೂಲಿಗಳಿಗೆ ಸಿಕ್ಕ ಆಸರೆ ಎಂದರೆ ಸಾರಾಯಿ. ಅದಿಲ್ಲದಿದ್ದರೆ ಕೆಲಸ ಮುಗಿಯುತ್ತಿತ್ತೋ ಇಲ್ಲವೋ ಎಂದು ಪೆನ್ನಿಕ್ವಿಕ್ ಜೊತೆಗಿದ್ದ ಎಂಜಿನಿಯರ್ ಮೆಕೆಂಜಿಯೇ ಬರೆದಿಟ್ಟಿದ್ದಾನೆ. ರೋಗಕ್ಕೆ ಬಲಿಯಾದವರೆಂದು ಲೆಕ್ಕಕ್ಕೆ ಸಿಕ್ಕವರೇ 483 ಮಂದಿ.

1895ರ ಅಕ್ಟೋಬರ್ 10ರಂದು ಮದ್ರಾಸ್ ಗವರ್ನರ್ ವೆನ್‌ಲಾಕ್ ನೀರು ಬಿಟ್ಟರು. ಕಲ್ಲು, ಸುಣ್ಣ, ಸುರ್ಕಿ ಸೇರಿಸಿ ಕಟ್ಟಿದ ಗೋಡೆ ಅಡಿಪಾಯದಿಂದ 176 ಅಡಿ ಎತ್ತರ, 1,200 ಅಡಿ ಉದ್ದ. ಅಣೆಕಟ್ಟಿಗಿಂತ ಬೆರಗಿನ ಕೆಲಸ ಬೆಟ್ಟ ಕೊರೆದ ಸುರಂಗ. ಹಿನ್ನೀರು ತೇಕ್ಕಡಿಯ ಹತ್ತಿರ ಬೆಟ್ಟದೊಳಗೆ ಹೊಕ್ಕು, ಮೈಲಿಗೂ ಸ್ವಲ್ಪ ಹೆಚ್ಚು ದೂರ ಕತ್ತಲಲ್ಲಿ ಹರಿದು, ಈಚೆ ಕಂಬಂ ಕಣಿವೆಗೆ ಧುಮುಕುತ್ತದೆ. ಸುರುಳಿಯಾರನ್ನು ಕೂಡಿ ವೈಗೈ ಸೇರಿ ದಿಂಡಿಗಲ್ ಜಿಲ್ಲೆಯ ನಿಲಕ್ಕೋಟೆ ಕಡೆಯ ಗದ್ದೆಗಳಿಗೂ ಮಧುರೆ, ಮೇಲೂರಿಗೂ ಹೋಗುತ್ತದೆ.

ಹಣ ಮುಗಿದಾಗ ದೊರೆ ಇಂಗ್ಲೆಂಡಿನ ಆಸ್ತಿ, ಹೆಂಡತಿಯ ಒಡವೆ ಮಾರಿ ಅಣೆಕಟ್ಟು ಮುಗಿಸಿದನೆಂದು ಕಣಿವೆಯಲ್ಲಿ ಎಲ್ಲರೂ ಹೇಳುತ್ತಾರೆ. ಆದರೆ ಕಟ್ಟಿದ್ದು ಮದ್ರಾಸ್ ಸರ್ಕಾರದ ದುಡ್ಡಿನಲ್ಲಿ. ಒಡವೆಯ ಕಥೆಗೆ ಸರ್ಕಾರಿ ದಾಖಲೆಯ ಆಧಾರವಿಲ್ಲ. ಇಷ್ಟು ದೊಡ್ಡ ಉಪಕಾರ ಕಂದಾಯದ ಆಸೆಯಿಂದ ಬಂತೆಂದು ಒಪ್ಪಲು ಜನರಿಗೆ ಮನಸ್ಸಿಲ್ಲ, ಅದಕ್ಕೇ ಆ ಕಥೆ. ದೇವರು ಮಾತ್ರ ಕೈ ಶುದ್ಧವಿದೆಯೇ ಎಂದು ನೋಡಿ ಕೆಲಸ ಮಾಡಿಸಿದಂತೆ ಕಾಣುವುದಿಲ್ಲ. ನಮ್ಮ ಪುರಾಣದಲ್ಲೂ ಗಂಗೆ ಇಳಿದದ್ದು ಹಾಗೆಯೇ. ಇಂದ್ರ ತನ್ನ ಪದವಿ ಉಳಿಸಿಕೊಳ್ಳಲು ಕುದುರೆ ಕದ್ದ, ಸಗರನ ಅರವತ್ತು ಸಾವಿರ ಮಕ್ಕಳು ಬೂದಿಯಾದರು, ಆ ಬೂದಿಗಾಗಿ ಭಗೀರಥ ತಪಸ್ಸಿಗೆ ಕುಳಿತ. ಕದ್ದವನಿಗೆ ಗಂಗೆಯ ಯೋಚನೆಯೇ ಇರಲಿಲ್ಲ. ಹಾಗೆಂದು ಕಳ್ಳತನ ಪುಣ್ಯವಾಗುವುದಿಲ್ಲ, ಬರದಲ್ಲಿ ಧಾನ್ಯ ಸಾಗಿಸಿದ್ದೂ ಆಗುವುದಿಲ್ಲ.

ಯಾರೂ ನೆನೆಯದ ಇನ್ನೊಂದು ಫಲವೂ ಬಂತು. ಕಾಡು ಮುಳುಗಿಸಿದ ಆ ಹಿನ್ನೀರಿನ ಸುತ್ತ ತಿರುವಾಂಕೂರು 1934ರಲ್ಲಿ ಅಭಯಾರಣ್ಯ ಮಾಡಿತು. ಅದೇ ಮುಂದೆ ಪೆರಿಯಾರ್ ಹುಲಿಧಾಮವಾಯಿತು. ಮತ್ತೊಂದು ಕಡೆ ಕೇರಳದ ಇಡುಕ್ಕಿಯವರಿಗೆ ಹಳೆಯ ಗೋಡೆ ತಲೆಯ ಮೇಲಿನ ಭಯ. ಸುಪ್ರೀಂ ಕೋರ್ಟ್ 2014ರಲ್ಲಿ ನೀರಿನ ಮಟ್ಟ 142 ಅಡಿ ಎಂದು ಗೊತ್ತುಮಾಡಿದರೂ ಜಗಳ ಆರಲಿಲ್ಲ. ಈಚೆಯವರಿಗೆ ಅನ್ನ ಕೊಟ್ಟ ನೀರು ಆಚೆಯವರ ನಿದ್ದೆ ಕೆಡಿಸಿದೆ. ಅವರ ಭಯವನ್ನು ಬರೀ ರಾಜಕೀಯವೆಂದು ತಳ್ಳಿಹಾಕುವುದು ತಪ್ಪು.

ಪೆನ್ನಿಕ್ವಿಕ್ 1896ರಲ್ಲಿ ಭಾರತದ ನೌಕರಿಯಿಂದ ನಿವೃತ್ತನಾದ. 1899ರಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನ್ ನಗರ ಪ್ರವಾಹ ತಡೆಯಲು ಅವನ ಸಲಹೆ ಪಡೆಯಿತು. 1911ರ ಮಾರ್ಚ್ 9ರಂದು ಇಂಗ್ಲೆಂಡಿನ ಕ್ಯಾಂಬರ್ಲಿಯಲ್ಲಿ ತೀರಿಕೊಂಡ. ಲೋವರ್ ಕ್ಯಾಂಪ್‌ನಲ್ಲಿ 2013ರಲ್ಲಿ ತಮಿಳುನಾಡು ಸರ್ಕಾರ ಅವನಿಗೆ ಸ್ಮಾರಕ ಕಟ್ಟಿಸಿತು, 2022ರಲ್ಲಿ ಕ್ಯಾಂಬರ್ಲಿಯಲ್ಲೂ ಪ್ರತಿಮೆ ನಿಂತಿತು. ಜನವರಿ 15ಕ್ಕೆ ಲೋವರ್ ಕ್ಯಾಂಪ್‌ನಲ್ಲಿ ಹಾರಗಳು ಬೀಳುತ್ತವೆ. ಚಳಿಜ್ವರದಲ್ಲಿ ಸತ್ತವರನ್ನು ಹೂಳಿದ ಜಾಗ ಮೇಲೆ ಕಾಡಿನೊಳಗೆ, ಅಣೆಕಟ್ಟಿನ ಬಡಗಣ ಮಗ್ಗುಲಲ್ಲಿದೆ.