ವಿಮೆಯ ಲೆಕ್ಕ ಕೇಳಿದ ಎಲೈಜರ್ ರೈಟ್

ವಿಮಾ ಕಂಪೆನಿಗಳು ವರುಷಕ್ಕೊಮ್ಮೆ ಸರಕಾರಕ್ಕೆ ಒಪ್ಪಿಸುವ ಆಸ್ತಿ-ಹೊಣೆಗಳ ತಖ್ತೆಯನ್ನು ಆಸಕ್ತಿಯಿಂದ ಓದುವವರು ನಮ್ಮ ವಾಚಕರಲ್ಲಿ ಹೆಚ್ಚು ಮಂದಿ ಇರಲಾರರು. ಆದರೆ ಆ ಒಣ ಅಂಕಿಗಳ ಹಿಂದೆ ವಿಧವೆಯರ, ಅನಾಥ ಮಕ್ಕಳ ಅನ್ನವಿರುವುದು. ಆ ಲೆಕ್ಕವನ್ನು ಕಟ್ಟುನಿಟ್ಟಾಗಿ ಕೇಳುವ ಪದ್ಧತಿಯನ್ನು ಅಮೇರಿಕದಲ್ಲಿ ನೆಲೆಗೊಳಿಸಿದ ಎಲೈಜರ್ ರೈಟ್ ಮಹಾಶಯನ ಚರಿತ್ರೆಯನ್ನು ಇಂದು ಸಂಕ್ಷೇಪವಾಗಿ ನಿವೇದಿಸುತ್ತೇವೆ.

1804ರಲ್ಲಿ ಕನೆಕ್ಟಿಕಟ್ ಸಂಸ್ಥಾನದಲ್ಲಿ ಜನಿಸಿದ ಈತನು ಯೇಲ್ ವಿದ್ಯಾಲಯದಲ್ಲಿ ಕಲಿತು, ಓಹಾಯೋ ಪ್ರಾಂತದ ಕಾಲೇಜೊಂದರಲ್ಲಿ ಗಣಿತವನ್ನು ಬೋಧಿಸುತ್ತಿದ್ದನು. ಗುಲಾಮಗಿರಿಯನ್ನು ಸಹಿಸಲಾರದೆ 1833ರಲ್ಲಿ ಆ ಉದ್ಯೋಗವನ್ನು ತೊರೆದು, ಅದರ ನಿರ್ಮೂಲನಕ್ಕೆಂದು ಹುಟ್ಟಿದ ಸಂಘದ ಕಾರ್ಯದರ್ಶಿಯಾದನು. ಮುಂದೆ ಲಾ ಫೋಂತೇನ್ ಕವಿಯ ನೀತಿಕಥೆಗಳನ್ನು ಇಂಗ್ಲಿಷಿಗೆ ಪರಿವರ್ತಿಸಿ, ಆ ಪುಸ್ತಕವನ್ನು ಮಾರುವುದಕ್ಕಾಗಿ 1844ರಲ್ಲಿ ಲಂಡನ್ನಿಗೆ ಹೋದನು. ಅಲ್ಲಿ ಕಂಡ ಒಂದು ನೋಟವು ಆತನ ಬಾಳನ್ನೇ ತಿರುಗಿಸಿತು. ದಶಕಗಳ ಕಾಲ ಕಂತು ಕಟ್ಟಿ, ಇನ್ನು ಕಟ್ಟಲಾರದ ವೃದ್ಧರ ಪಾಲಿಸಿಗಳನ್ನು ಪೇಟೆಯಲ್ಲಿ ಹರಾಜು ಕೂಗುತ್ತಿದ್ದರು. ಕೊಂಡವನಿಗೆ ಆ ಮುದುಕನು ಎಷ್ಟು ಬೇಗ ಸತ್ತರೆ ಅಷ್ಟು ಲಾಭ! ಗುಲಾಮರ ಹರಾಜನ್ನು ವಿರೋಧಿಸಿ ಹೋರಾಡಿದವನಿಗೆ ಇದು ಅದರ ಸೋದರನಂತೆಯೇ ಕಂಡುದರಲ್ಲಿ ಆಶ್ಚರ್ಯವೇನು?

ಊರಿಗೆ ಮರಳಿ 1846ರಲ್ಲಿ ಬಾಸ್ಟನ್ನಿನಲ್ಲಿ ಒಂದು ದಿನಪತ್ರಿಕೆಯನ್ನು ಹೊರಡಿಸಿ, ಕೆಲವೇ ವರುಷಗಳಲ್ಲಿ ಕೈಬಿಟ್ಟನು. ಪತ್ರಿಕಾವ್ಯವಸಾಯದ ಲಾಭನಷ್ಟಗಳು ನಮಗೇನೂ ಅಪರಿಚಿತವಲ್ಲ.

ಆತನು ಹಿಡಿದ ತತ್ತ್ವವು ಸರಳವಾದುದು. ಯೌವನದಲ್ಲಿ ಕಟ್ಟುವ ಕಂತು ಆಗಿನ ಮರಣಭಯಕ್ಕೆ ತಕ್ಕುದಕ್ಕಿಂತ ಹೆಚ್ಚು. ವೃದ್ಧಾಪ್ಯದಲ್ಲಿ ಅದು ಸಾಲದು. ಆದುದರಿಂದ ಮೊದಲಿನ ಹೆಚ್ಚುವರಿಯು ಕಂಪೆನಿಯ ಲಾಭವಲ್ಲ, ಪಾಲಿಸಿದಾರನಿಗೆ ತೀರಿಸಬೇಕಾದ ಋಣ. ಅದನ್ನು ಡಿವಿಡೆಂಡಾಗಿ ಹಂಚುವುದೆಂದರೆ ಬಿತ್ತನೆಯ ಭತ್ತವನ್ನು ಕುಟ್ಟಿಸಿ ಉಂಡಂತೆ. ಪ್ರತಿ ವಯಸ್ಸಿಗೂ ಪ್ರತಿ ವರುಷಕ್ಕೂ ಎಷ್ಟು ನಿಧಿಯಿರಬೇಕೆಂಬುದನ್ನು ಆತನೇ ಗುಣಿಸಿ ಕೋಷ್ಟಕಗಳನ್ನು ರಚಿಸಿದನು. ಹಲವು ವರುಷ ಶಾಸನಸಭೆಯ ಬಾಗಿಲನ್ನು ತಟ್ಟಿದ ಬಳಿಕ, 1858ರಲ್ಲಿ ಮ್ಯಾಸಚೂಸೆಟ್ಸ್ ಸಂಸ್ಥಾನವು ಈ ನಿಧಿಯನ್ನು ಕಡ್ಡಾಯ ಮಾಡಿ, ಅದನ್ನು ಅಳೆಯುವ ಕಮಿಷನರಾಗಿ ಆತನನ್ನೇ ನೇಮಿಸಿತು.

ಅಲ್ಲಿಂದ ಮುಂದೆ ಡೈರೆಕ್ಟರುಗಳ ಒಟ್ಟು ಮೊತ್ತದ ಮಾತು ನಡೆಯಲಿಲ್ಲ. ಒಂದೊಂದು ಪಾಲಿಸಿಯ ವಿವರವನ್ನೂ ತರಿಸಿ, ಒಂದೊಂದರ ಹೊಣೆಯನ್ನೂ ಕಟ್ಟಿ, ಫಲವನ್ನು ವಾರ್ಷಿಕ ವರದಿಯಲ್ಲಿ ಎಲ್ಲರೆದುರಿಗೆ ಪ್ರಕಟಿಸುತ್ತಿದ್ದನು. 1861ರಲ್ಲಿ ಇನ್ನೊಂದು ಕಾನೂನಾಯಿತು. ಕಂತು ತಪ್ಪಿದರೂ ಪಾಲಿಸಿದಾರನ ಹಣವು ಮುಳುಗುವಂತಿರಲಿಲ್ಲ. ಅವನ ನಿಧಿಯ ಐದರಲ್ಲಿ ನಾಲ್ಕು ಪಾಲು ಎಷ್ಟು ಕಾಲಕ್ಕೆ ಸಾಲುವುದೋ ಅಷ್ಟು ಕಾಲ ವಿಮೆ ನಡೆಯಬೇಕು. ಕಂಪೆನಿಗಳು ಇಂತಹ ಅಧಿಕಾರಿಯನ್ನು ಬಹುಕಾಲ ತಾಳಿಯಾವೆ? 1866ರಲ್ಲಿ ಆತನು ಪದವಿಯನ್ನು ಕಳೆದುಕೊಂಡನು.

ಭಾರತದ 1938ರ ವಿಮಾ ಕಾನೂನೂ ಗಣಿತಜ್ಞನಿಂದ ಹೊಣೆಯನ್ನು ಅಳೆಯಿಸಿ ಸರಕಾರಕ್ಕೆ ವರದಿಯೊಪ್ಪಿಸಬೇಕೆಂದೇ ವಿಧಿಸಿತು.

ಪದವಿ ಹೋದರೂ ರೈಟನು ಸುಮ್ಮನೆ ಕೂರಲಿಲ್ಲ. ಲೆಕ್ಕಕ್ಕೆಂದು ತಾನೇ ರೂಪಿಸಿದ ಉರುಳೆಯ ಯಂತ್ರಕ್ಕೆ 1869ರಲ್ಲಿ ಹಕ್ಕುಪತ್ರ ಪಡೆದನು. ಪಾಲಿಸಿಯನ್ನು ಬಿಟ್ಟವನಿಗೆ ನಗದನ್ನೇ ಕೊಡಬೇಕೆಂದು ವಾದಿಸುತ್ತಲೇ ಇದ್ದನು. 1880ರಲ್ಲಿ ಮ್ಯಾಸಚೂಸೆಟ್ಸ್ ಅದನ್ನೂ ಕಾನೂನಾಗಿ ಮಾಡಿತು. ಐದು ವರುಷಗಳ ಬಳಿಕ, 1885ರಲ್ಲಿ, ಆತನು ಕಾಲವಶನಾದನು.