ಮುಡಿಪುವಿನ ಗುಡ್ಡಕ್ಕೆ ನಡೆಯುವವರು ತಿಳಿದಿರಬೇಕಾದ ಸಂತ ಜೋಸೆಫ್ ವಾಜ್



ಜನವರಿ ಬಂತೆಂದರೆ ಮಂಜೇಶ್ವರ, ವರ್ಕಾಡಿ, ಕಯ್ಯಾರು, ಬೇಳ ಕಡೆಯ ಕ್ರೈಸ್ತ ಮನೆಗಳಲ್ಲಿ ಮುಡಿಪುವಿನ ಹಬ್ಬದ ಮಾತು ಬರುತ್ತದೆ. ಜನವರಿ 16 ಸಂತ ಜೋಸೆಫ್ ವಾಜ್ ಅವರ ದಿನ. ಮುಡಿಪು ಇರುವುದು ದಕ್ಷಿಣ ಕನ್ನಡದಲ್ಲಿ. ಆದರೆ ನಮ್ಮ ವರ್ಕಾಡಿ ದಾಟಿದರೆ ದೂರವೇನಲ್ಲ. ಬಸ್ಸಿನಲ್ಲಿ ಹೋಗುವವರಿದ್ದಾರೆ, ಹರಕೆ ಹೊತ್ತು ಜಪಸರ ಹಿಡಿದು ನಡೆದೇ ಹೋಗುವವರೂ ಇದ್ದಾರೆ. ಗುಡ್ಡದಲ್ಲಿ ಬಂಡೆಯಿಂದ ಒಸರುವ ಮೂರು ಬುಗ್ಗೆಗಳ ನೀರನ್ನು ಬಾಟಲಿಯಲ್ಲಿ ತುಂಬಿಸಿ ಮನೆಗೆ ತರುವುದು ವಾಡಿಕೆ. ಆ ನೀರಿಗೆ ಹೋಗುವವರಲ್ಲಿ ಹಿಂದೂಗಳೂ ಇದ್ದಾರೆ, ಮುಸಲ್ಮಾನರೂ ಇದ್ದಾರೆ. ಆದರೆ ಯಾರ ಹೆಸರಿನ ಗುಡ್ಡವಿದು, ಅವರು ಏನು ಮಾಡಿದರು ಎಂದು ಕೇಳಿದರೆ ಹೇಳುವವರು ಕಡಿಮೆ. ಆ ಕಾರಣಕ್ಕೆ ಈ ಬಾರಿಯ ಪತ್ರಿಕೆಯಲ್ಲಿ ಅವರ ಜೀವನವನ್ನು ಚಿಕ್ಕದಾಗಿ ಬರೆದಿದ್ದೇನೆ.

ಜೋಸೆಫ್ ವಾಜ್ ಹುಟ್ಟಿದ್ದು 1651ರ ಏಪ್ರಿಲ್ 21ರಂದು, ಗೋವಾದ ಬಾಣಾವಲಿಯಲ್ಲಿ, ತಾಯಿಯ ತವರುಮನೆಯಲ್ಲಿ. ತಂದೆಯ ಊರು ಸಾಂಕ್ವಾಳ. ಮನೆಮಾತು ಕೊಂಕಣಿ. ಗೋವಾದಲ್ಲೇ ಓದಿ 1676ರಲ್ಲಿ ಧರ್ಮಗುರುಗಳಾದರು. ಗುರುದೀಕ್ಷೆಯಾದ ಮೇಲೆ ಬಡವರ ಹಾಗೆ ಬರಿಗಾಲಲ್ಲಿ ನಡೆಯತೊಡಗಿದರು. ಆ ಕಾಲದಲ್ಲಿ ಯುರೋಪಿನ ಸಂನ್ಯಾಸಿ ಸಭೆಗಳಲ್ಲಿ ಈ ನೆಲದ ಪಾದ್ರಿಗಳಿಗೆ ಜಾಗ ಸಿಗುತ್ತಿರಲಿಲ್ಲ ಎಂಬುದನ್ನು ನೆನಪಿಡಬೇಕು. ಮುಂದೆ ಅವರ ಜೀವನದಲ್ಲಿ ಅದು ಬರುತ್ತದೆ.

1681ರಲ್ಲಿ ಅವರನ್ನು ಕೆನರಾ ಪ್ರಾಂತ್ಯಕ್ಕೆ ಕಳುಹಿಸಿದರು. ನಮ್ಮ ಕರಾವಳಿ ಆಗ ಕೆಳದಿಯ ರಾಣಿ ಚೆನ್ನಮ್ಮನ ಆಳ್ವಿಕೆಯಲ್ಲಿತ್ತು. ಅದಕ್ಕೂ ಮೊದಲು ಶಿವಪ್ಪ ನಾಯಕನ ಕಾಲದಲ್ಲಿ ಪೋರ್ಚುಗೀಸರು ಇಲ್ಲಿನ ಕೋಟೆಗಳನ್ನು ಕಳೆದುಕೊಂಡಿದ್ದರು. ಇಗರ್ಜಿಗಳು ಹಾಳಾಗಿದ್ದವು, ಪಾದ್ರಿಗಳ ಸಂಖ್ಯೆ ಇಳಿದಿತ್ತು. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿತ್ತು. ಪೋರ್ಚುಗಲ್ ದೊರೆಯ ಹಕ್ಕಿನಂತೆ ಇಲ್ಲಿನ ಕ್ರೈಸ್ತರು ಗೋವಾದ ಆರ್ಚ್‌ಬಿಷಪರಿಗೆ ಸೇರಿದವರು ಎಂದು ಒಂದು ಕಡೆಯವರು ಹೇಳುತ್ತಿದ್ದರು. ರೋಮಿನಿಂದ ನೇರವಾಗಿ ನೇಮಕಗೊಂಡು ಮಂಗಳೂರಿನಲ್ಲಿದ್ದ ಬಿಷಪ್ ತೋಮಸ್ ದೆ ಕಾಸ್ತ್ರೊ ಅವರಿಗೆ ಸೇರಿದವರು ಎಂದು ಇನ್ನೊಂದು ಕಡೆಯವರು. ಅವರೂ ಗೋವಾದವರೇ. ಒಬ್ಬರ ಪಾದ್ರಿ ಕೊಟ್ಟ ಸಂಸ್ಕಾರ ಇನ್ನೊಬ್ಬರ ಲೆಕ್ಕದಲ್ಲಿ ನಡೆಯದು ಎಂಬಲ್ಲಿಗೆ ಮಾತು ಹೋಗಿತ್ತು.

ಕಚೇರಿಯಲ್ಲಿ ದುಡಿದ ನನ್ನಂಥವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಎರಡು ಕಚೇರಿಗಳು ಸಹಿ, ಮೊಹರಿನ ಅಧಿಕಾರಕ್ಕೆ ಜಗಳವಾಡುವಾಗ ಅರ್ಜಿ ಹಿಡಿದು ನಿಂತವನ ಕೆಲಸ ಆಗುವುದಿಲ್ಲ. ಇಲ್ಲಿ ಅರ್ಜಿಯ ಬದಲು ಮಗುವಿನ ಜ್ಞಾನಸ್ನಾನ, ಹೆಣ್ಣಿನ ಮದುವೆ, ಸಾಯುವವನ ಕೊನೆಯ ಪ್ರಾರ್ಥನೆ ಇತ್ತು.

ವಾಜ್ ಬಂದದ್ದು ಗೋವಾದ ಕಡೆಯ ಅಧಿಕಾರಿಯಾಗಿ. ತಮ್ಮ ಕಡೆಯನ್ನು ಗೆಲ್ಲಿಸುವುದೇ ಅವರ ಕೆಲಸ ಎಂದು ಜನ ತಿಳಿದಿದ್ದರೆ ತಪ್ಪಿಲ್ಲ. ಆದರೆ ಅವರು ಎದುರು ಕಡೆಯ ಬಿಷಪರನ್ನೇ ಹೋಗಿ ಕಂಡರು, ಗೌರವದಿಂದ ಮಾತನಾಡಿದರು, ರಾಜಿಗೆ ಪ್ರಯತ್ನಿಸಿದರು. ಜಗಳ ಪೂರ್ತಿ ಮುಗಿಯಲಿಲ್ಲ. ಆದರೆ ಜನರ ಸೇವೆ ನಿಲ್ಲದ ಹಾಗೆ ನೋಡಿಕೊಂಡರು. ಮಂಗಳೂರು, ಕಲ್ಯಾಣಪುರ, ಬಸ್ರೂರು, ಕುಂದಾಪುರ, ಗಂಗೊಳ್ಳಿ ಎಂದು ಊರೂರು ತಿರುಗಿದರು. ಇಗರ್ಜಿಗಳನ್ನು ಎಬ್ಬಿಸಿದರು, ಶಾಲೆಗಳನ್ನು ತೆರೆದರು. ಮೂರು ವರ್ಷ ಹೀಗೆ ದುಡಿದು 1684ರಲ್ಲಿ ಗೋವಾಕ್ಕೆ ಮರಳಿದರು.

ಮುಡಿಪುವಿನ ಕಥೆ ಈ ಮೂರು ವರ್ಷಗಳಿಗೆ ಸೇರಿದ್ದು. ಸಾಯುವ ಸ್ಥಿತಿಯಲ್ಲಿರುವ ರೋಗಿಯೊಬ್ಬನಿದ್ದಾನೆ ಎಂದು ಸುಳ್ಳು ಹೇಳಿ ಯಾರೋ ಅವರನ್ನು ರಾತ್ರಿ ಆ ಗುಡ್ಡಕ್ಕೆ ಕರೆದೊಯ್ದರಂತೆ. ಉದ್ದೇಶ ಕೊಲ್ಲುವುದು. ಅವರು ಬಂಡೆಯ ಮೇಲೆ ಮಂಡಿಯೂರಿ ಪ್ರಾರ್ಥಿಸಿ ಊರುಗೋಲನ್ನು ಊರಿದಾಗ ನೀರು ಚಿಮ್ಮಿತು, ಬಂದವರು ಹೆದರಿ ಓಡಿದರು ಎಂಬುದು ಜನರ ನಂಬಿಕೆ. ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ರೋಗಿ ಎಂದ ಕೂಡಲೇ ರಾತ್ರಿಯಾದರೂ ಎದ್ದು ಹೊರಡುವ ಮನುಷ್ಯ ಎಂದು ಜನ ಅವರನ್ನು ನೆನಪಿಟ್ಟುಕೊಂಡಿದ್ದಾರೆ ಎಂಬುದಂತೂ ಆ ಕಥೆಯಿಂದ ಗೊತ್ತಾಗುತ್ತದೆ.

ಗೋವಾದಲ್ಲಿ ಕೆಲವು ಸ್ಥಳೀಯ ಪಾದ್ರಿಗಳು ಒಟ್ಟಾಗಿ ಬಾಳಲು ತಮ್ಮದೇ ಸಭೆಯೊಂದನ್ನು ಆರಂಭಿಸಿದ್ದರು. ಹೊರಗಿನವರು ಸೇರಿಸಿಕೊಳ್ಳದಿದ್ದರೆ ನಾವೇ ಕಟ್ಟಿಕೊಳ್ಳೋಣ ಎಂಬ ಛಲ ಅದರ ಹಿಂದೆ ಇತ್ತು. ವಾಜ್ 1685ರಲ್ಲಿ ಅದನ್ನು ಸೇರಿ ಅದರ ಮುಖ್ಯಸ್ಥರಾದರು. ಅಲ್ಲೇ ಗೌರವದಿಂದ ಇದ್ದುಬಿಡಬಹುದಿತ್ತು. ಆದರೆ ಅವರ ಮನಸ್ಸು ಸಿಂಹಳದ ಕಡೆಗಿತ್ತು. 1658ರಲ್ಲಿ ಡಚ್ಚರು ಪೋರ್ಚುಗೀಸರನ್ನು ಅಲ್ಲಿಂದ ಓಡಿಸಿ ಕಥೋಲಿಕ ಪೂಜೆಯನ್ನು ನಿಷೇಧಿಸಿದ್ದರು. ಸುಮಾರು ಮೂವತ್ತು ವರ್ಷ ಅಲ್ಲಿನ ಜನರಿಗೆ ಪಾದ್ರಿಗಳೇ ಇರಲಿಲ್ಲ.

1686ರಲ್ಲಿ ಅವರು ಹೊರಟರು. ಜೊತೆಗೆ ಜುವಾಂವ್ ಎಂಬ ನಂಬಿಕೆಯ ಸೇವಕನಿದ್ದ. ಕೆನರಾ, ತಲಶ್ಶೇರಿ, ಕೊಲ್ಲಂ, ತೂತುಕುಡಿಯ ಹಾದಿಯಾಗಿ 1687ರಲ್ಲಿ ಜಾಫ್ನಾ ತಲುಪಿದರು. ಪಾದ್ರಿಯ ಉಡುಪಿನಲ್ಲಿ ಹೋದರೆ ಬಂಧನ ಖಚಿತ. ಹಾಗಾಗಿ ಭಿಕ್ಷುಕನ ವೇಷ. ಹಡಗಿನಿಂದ ಇಳಿದ ಕೂಡಲೇ ಆಮಶಂಕೆ ಹಿಡಿದು ಸಾವಿನ ಅಂಚಿಗೆ ಹೋದರು. ಗುರುತಿಲ್ಲದ ಹೆಂಗಸೊಬ್ಬಳು ಕೊಟ್ಟ ಗಂಜಿಯಿಂದ ಬದುಕಿ ಉಳಿದರು. ಕೊರಳಲ್ಲಿ ಜಪಸರ ಹಾಕಿ ಮನೆಮನೆಗೆ ಬೇಡುತ್ತಾ ಹೋದರು. ಜಪಸರ ಕಂಡು ಯಾರ ಮುಖ ಬದಲಾಗುತ್ತದೆಯೋ ಅವರು ತಮ್ಮವರು ಎಂದು ತಿಳಿದುಕೊಂಡರು. ಪೂಜೆ ನಡೆಯುತ್ತಿದ್ದುದು ರಾತ್ರಿ ಹೊತ್ತು, ಗುಟ್ಟಾಗಿ. 1689ರ ಕ್ರಿಸ್ಮಸ್ ರಾತ್ರಿ ಡಚ್ಚರು ದಾಳಿ ಮಾಡಿ ಸುಮಾರು 300 ಮಂದಿಯನ್ನು ಹಿಡಿದರು. ವಾಜ್ ಕೈಗೆ ಸಿಗಲಿಲ್ಲ.

ಅನಂತರ ಅವರು ಕ್ಯಾಂಡಿಯ ಬೌದ್ಧ ಅರಸನ ರಾಜ್ಯಕ್ಕೆ ಹೋದರು. 1692ರಲ್ಲಿ ಪೋರ್ಚುಗೀಸರ ಗೂಢಚಾರನೆಂಬ ಸುಳ್ಳು ಆರೋಪದಲ್ಲಿ ಸೆರೆಮನೆ ಸೇರಬೇಕಾಯಿತು. ಸೆರೆಯಲ್ಲಿದ್ದುಕೊಂಡೇ ಸಿಂಹಳ ಭಾಷೆ ಕಲಿತರು. ತಮಿಳನ್ನೂ ಕಲಿತರು. ನಿಧಾನವಾಗಿ ಅರಸ ಎರಡನೇ ವಿಮಲಧರ್ಮಸೂರಿಯನ ವಿಶ್ವಾಸ ಸಿಕ್ಕಿತು. 1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹಬ್ಬಿ ಹೆದರಿದ ಜನ ರೋಗಿಗಳನ್ನು ಬಿಟ್ಟು ಓಡಿದರು. ವಾಜ್ ತಮ್ಮ ಸೋದರಳಿಯ ಪಾದ್ರಿ ಕಾರ್ವಾಲ್ಯೊ ಅವರೊಂದಿಗೆ ಊರಲ್ಲೇ ಉಳಿದು ರೋಗಿಗಳನ್ನು ತೊಳೆದರು, ಉಣಿಸಿದರು, ಸತ್ತವರನ್ನು ಹೂತರು. ರೋಗಿ ಯಾವ ಧರ್ಮದವನೆಂದು ಕೇಳಲಿಲ್ಲ. ಅರಸನೂ ಜನರೂ ಅವರನ್ನು ನೋಡುವ ರೀತಿ ಅದರಿಂದ ಬದಲಾಯಿತು. ಮುಂದೆ ಗೋವಾದಿಂದ ಬಂದ ಜಾಕೊಮೆ ಗೊನ್ಸಾಲ್ವಿಸ್ ಸಿಂಹಳ, ತಮಿಳು ಭಾಷೆಗಳಲ್ಲಿ ಅನೇಕ ಗ್ರಂಥಗಳನ್ನು ಬರೆದರು.

1711ರ ಜನವರಿ 16ರಂದು ಜೋಸೆಫ್ ವಾಜ್ ಕ್ಯಾಂಡಿಯಲ್ಲಿ ತೀರಿಕೊಂಡರು. ವಯಸ್ಸು 59. ಗೋವಾ ಬಿಟ್ಟ ಮೇಲೆ ಮತ್ತೆ ಊರಿಗೆ ಹೋಗಲೇ ಇಲ್ಲ. ಅವರ ಸಮಾಧಿ ಇರುವ ಜಾಗವನ್ನು ಇಂದು ತೋರಿಸುವವರಿಲ್ಲ. 1995ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಕೊಲಂಬೋದಲ್ಲಿ ಅವರನ್ನು ಪುನೀತರೆಂದು ಘೋಷಿಸಿದರು. 2015ರ ಜನವರಿ 14ರಂದು ಅದೇ ಊರಿನಲ್ಲಿ ಪೋಪ್ ಫ್ರಾನ್ಸಿಸ್ ಸಂತ ಪದವಿ ನೀಡಿದರು.

ಇನ್ನು ನಮ್ಮ ಮಾತಿಗೆ ಬರೋಣ. 1956ರ ನವೆಂಬರ್ 1ರವರೆಗೆ ಮುಡಿಪು, ಮಂಜೇಶ್ವರ ಎಲ್ಲ ಒಂದೇ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದವು. ಆಮೇಲೆ ಕಾಸರಗೋಡು ಕೇರಳಕ್ಕೆ ಸೇರಿತು. ಆದರೆ ನಮ್ಮ ಉತ್ತರ ಭಾಗದ ಇಗರ್ಜಿಗಳು ಇಂದಿಗೂ ಮಂಗಳೂರು ಧರ್ಮಪ್ರಾಂತ್ಯದಲ್ಲೇ ಇವೆ. ಅಲ್ಲಿನ ಕೊಂಕಣಿ ಪ್ರಾರ್ಥನಾ ಪುಸ್ತಕಗಳು ಕನ್ನಡ ಲಿಪಿಯಲ್ಲೇ ಇವೆ. ಕನ್ನಡ ಅಕ್ಷರ ಕಲಿಯದ ಮಗುವಿಗೆ ಅಜ್ಜಿಯ ಪ್ರಾರ್ಥನೆ ಪುಸ್ತಕವನ್ನೂ ಓದಲು ಬರುವುದಿಲ್ಲ. ನಮ್ಮ ಸಂಘದ ಕನ್ನಡ ಕೆಲಸ ಕನ್ನಡ ಮನೆಮಾತಿನವರಿಗೆ ಮಾತ್ರ ಎಂದು ತಿಳಿದವರು ಇದನ್ನು ಗಮನಿಸಬೇಕು.

ಗಡಿಯ ಜಗಳದಲ್ಲಿ ಯಾವ ಕಚೇರಿ ಗೆದ್ದಿತು ಎಂಬುದಕ್ಕಿಂತ ನಡುವೆ ಸಿಕ್ಕಿದವನಿಗೆ ಏನಾಯಿತು ಎಂದು ನೋಡಿದವರು ಜೋಸೆಫ್ ವಾಜ್. ಹೋದ ಊರಿನ ಭಾಷೆ ಕಲಿತರು, ಕರೆದಲ್ಲಿಗೆ ನಡೆದರು. ಗಡಿನಾಡಿನ ನಮಗೆ ಇದು ಪರಕೀಯ ಕಥೆಯಲ್ಲ.

ಈ ಬಾರಿ ನಡೆದು ಹೋಗುವ ಸದಸ್ಯರು ಬಿಸಿಲೇರುವ ಮುನ್ನ ಹೊರಡಿ, ಕುಡಿಯುವ ನೀರು ಜೊತೆಗಿರಲಿ, ಹಿರಿಯರನ್ನು ಒಬ್ಬರೇ ಬಿಡಬೇಡಿ. ಮಕ್ಕಳನ್ನು ಕರೆದುಕೊಂಡು ಹೋದರೆ ದಾರಿಯಲ್ಲಿ ಈ ಜೀವನವನ್ನು ಅವರಿಗೆ ಹೇಳಿ. ಹೇಳಿ ಮುಗಿಸುವಷ್ಟು ದಾರಿ ಇದೆ.

ಎಲ್ಲರಿಗೂ ಹಬ್ಬದ ಶುಭಾಶಯಗಳು.

ಕಾರ್ಯದರ್ಶಿ